ಪಕ್ಕದ ಬದು

ಹೋದ ವಾರ ದೇವದುರ್ಗದಿಂದ ಮಾನ್ವಿಗೆ ಹೊರಟಿದ್ದ ಬಸ್ಸು ಕವಿತಾಳಕ್ಕೆ ಮುಂಚೆ ಸಿಗುವ ಹಳ್ಳದ ಹೊಸ ಸೇತುವೆಯ ಮೇಲೆ ನಿಧಾನಿಸಿತು. ಕೆಳಗೆ ಹಳ್ಳ ತುಂಬಿ ಹರಿಯುತ್ತಿತ್ತು. ಕಿಟಕಿಯಿಂದ ಕೆಂಪು ನೀರಿನ ವಾಸನೆ, ಜೊತೆಗೆ ಕಾದ ಎಂಜಿನ್ನಿನ ಡೀಸೆಲ್ ವಾಸನೆ ಒಳಗೆ ಬಂತು. ನನ್ನ ಕೈ ತಾನಾಗಿಯೇ ಮುಂದಿನ ಸೀಟಿನ ಕಂಬಿ ಹಿಡಿಯಿತು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, “ಯಾಕ್ರೀ ಅಕ್ಕಾರ, ತಲಿ ತಿರುಗಾಕತ್ತದೇನು?” ಎಂದು ಕೇಳಿದಳು. ಇಲ್ಲವೆಂದೆ. ಸೇತುವೆ ಈಗ ಆಳೆತ್ತರ ಇದೆ, ಹೆದರುವ ಕಾರಣವಿಲ್ಲ. ಆದರೂ ಆ ಎರಡು ವಾಸನೆ ಕೂಡಿ ಬಂದರೆ ಆ ಒಂದು ಮಳೆಗಾಲ ಪೂರ್ತಿ ಕಣ್ಣ ಮುಂದೆ ಬರುತ್ತದೆ.

ಆಗ ನಾನು ದೇವದುರ್ಗದ ಒಂದು ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಹೆಸರೇನೋ ಚೆಂದ, ಆದರೆ ಪ್ರತಿ ವರ್ಷ ಬಾಗಿಲಲ್ಲಿ ನಿಂತು ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಅತಿಥಿ. ರಾಯಚೂರಿನಲ್ಲಿ ಒಂದು ಬಾಡಿಗೆ ಕೋಣೆ, ದಿನಾ ದೇವದುರ್ಗಕ್ಕೆ ಹೋಗಿ ಬರುವುದು, ಶನಿವಾರ ಮಧ್ಯಾಹ್ನ ಅಲ್ಲಿಂದಲೇ ಮಾನ್ವಿ ಬಸ್ಸು ಹಿಡಿದು ಊರಿಗೆ. ಊರು ಮಾನ್ವಿಯಿಂದ ಸ್ವಲ್ಪ ಒಳಗೆ, ಕಾಲುವೆಯ ನೀರುಂಡ ಭತ್ತದ ಸೀಮೆ. ಅಪ್ಪ ಒಬ್ಬ ಸಾಹುಕಾರರ ಗದ್ದೆಗಳಿಗೆ ನೀರು ಕಟ್ಟುವ ಆಳು. ಅವ್ವ ನಾಟಿಯ ಗುಂಪಿನಲ್ಲಿ ಹೋಗುವವಳು. ನಮ್ಮ ಓಣಿಯಲ್ಲಿ ಮಾಸ್ತರರಾದವರು, ನರ್ಸಾದವರು, ಪೊಲೀಸರಾದವರು ಇದ್ದರು. ಡಾಕ್ಟರೇಟಿನ ತನಕ ಹೋದವಳು ನಾನೇ ಮೊದಲು. ಮಳೆ ಹಿಡಿಯುವ ಮುಂಚೆ ಪ್ರಬಂಧ ಸಲ್ಲಿಸಿ ಬಂದಿದ್ದೆ. ಡಾಕ್ಟರೇಟ್ ಇಲ್ಲದವರ ಹೆಸರು ಮುಂದಿನ ವರ್ಷ ಅತಿಥಿಗಳ ಪಟ್ಟಿಯಲ್ಲಿ ಇರುವುದಿಲ್ಲ ಎಂಬ ಸುದ್ದಿ ಸ್ಟಾಫ್ ರೂಮಿನಲ್ಲಿ ಓಡಾಡುತ್ತಿತ್ತು. ನನಗೆ ಆ ಚಿಂತೆ ಇರಲಿಲ್ಲ. ಪ್ರಬಂಧ ಮುಗಿದಿದೆ, ವೈವಾ ಒಂದು ಬಾಕಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಕೆಲಸ ಏನೆಂದು ಕೇಳಿದವರಿಗೆ ಗದ್ದೆಯನ್ನೇ ತೋರಿಸಿ ಹೇಳುತ್ತಿದ್ದೆ. ಚೌಕುಳಿ ಹಾಳೆಯ ಹಾಗೆ ದೂರದ ತನಕ ಮಡಿಗಳು ಹಬ್ಬಿವೆ ಎನ್ನಿ. ಪ್ರತಿ ಗೆರೆಯೂ ಒಂದು ಬದು. ಒಂದೊಂದು ಬದುವಿಗೂ ಬೇರೆ ಬೇರೆಯಾಗಿ ನಾಣ್ಯ ಚಿಮ್ಮುತ್ತೇವೆ. ಒಂದು ಮುಖ ಬಿದ್ದರೆ ಬದು ಗಟ್ಟಿ, ಇನ್ನೊಂದು ಬಿದ್ದರೆ ಒಡೆದಿದೆ. ನಾಣ್ಯ ಗಟ್ಟಿಯ ಕಡೆಗೇ ಹೆಚ್ಚು ಬೀಳುವಂಥದ್ದು. ಈಗ ಈ ಮೂಲೆಯಿಂದ ದೂರದ ಆ ಮೂಲೆಗೆ ಗಟ್ಟಿ ಬದುಗಳ ಮೇಲಷ್ಟೇ ನಡೆದು ಹೋಗಲು ಕಡಿಮೆಯೆಂದರೆ ಎಷ್ಟು ಹೆಜ್ಜೆ ಬೇಕು? ನಾಣ್ಯಗಳನ್ನು ಮತ್ತೆ ಚಿಮ್ಮಿದರೆ ಉತ್ತರ ಬದಲಾಗುತ್ತದೆ. ಸರಾಸರಿಯ ಸುತ್ತ ಅದು ಎಷ್ಟು ಏರುಪೇರಾಗಬಹುದು, ಆ ಏರುಪೇರಿಗೆ ಒಂದು ಬೇಲಿ ಹಾಕಲು ಬರುತ್ತದೋ ಇಲ್ಲವೋ, ಇದೇ ನನ್ನ ಐದು ವರ್ಷ. ಸರಾಸರಿ ಹತ್ತು ಸಾವಿರ ಹೆಜ್ಜೆಯ ದಾರಿಯಾದರೆ ಏರುಪೇರು ನೂರರ ಆಸುಪಾಸಿನಲ್ಲೇ ಇರುತ್ತದೆ ಎಂಬಂಥ ಮಾತನ್ನು ಸಾಧಿಸಿ ತೋರಿಸಿದ್ದೇನೆ ಎಂದುಕೊಂಡಿದ್ದೆ.

ಸಾಧಿಸುವ ದಾರಿ ಇದು. ನಾಣ್ಯಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಹೋಗು. ಒಂದೇ ನಾಣ್ಯ ಬದಲಾದರೆ ಒಟ್ಟು ಉತ್ತರ ಎಷ್ಟು ಕೆಡಬಹುದು ಎಂದು ಕೇಳು. ಒಂದೊಂದು ನಾಣ್ಯದ ಕಿತಾಪತಿಗೂ ಮಿತಿಯಿದ್ದರೆ ಒಟ್ಟು ಕಿತಾಪತಿಗೂ ಮಿತಿ ಸಿಗುತ್ತದೆ. ನಾನು ಬರೆದದ್ದು: ಒಂದು ಬದು ಒಡೆದರೆ ಆ ಮಡಿಯ ಉಳಿದ ಮೂರು ಬದುಗಳ ಮೇಲೆ ಸುತ್ತಿ ಹೋಗಬಹುದು, ಒಂದರ ಬದಲು ಮೂರು, ಆದ್ದರಿಂದ ಹೆಚ್ಚೆಂದರೆ ಎರಡು ಹೆಜ್ಜೆ ಜಾಸ್ತಿ. ಅದರ ಮುಂದೆ ‘ಇದು ಸ್ಪಷ್ಟ’ ಎಂದು ಸೇರಿಸಿದ್ದೆ. ನನಗೆ ಅದು ನಿಜಕ್ಕೂ ಸ್ಪಷ್ಟವಾಗಿತ್ತು. ಬೇಸಿಗೆ ಬೆಳೆಯ ನಾಟಿಗೆ, ಮಳೆಗಾಲದ ನಾಟಿಗೆ ಅವ್ವನಿಗೆ ಬುತ್ತಿ ಒಯ್ದವಳು ನಾನು. ಏಳು ವರ್ಷದವಳಿದ್ದಾಗ ಒಮ್ಮೆ ಒಡೆದ ಬದುವಿನಲ್ಲಿ ಕಾಲಿಟ್ಟು ಎದೆಮಟ್ಟ ಕೆಸರಿಗೆ ಬಿದ್ದಿದ್ದೆ. ರೊಟ್ಟಿ, ಪುಂಡಿಪಲ್ಯ ಎಲ್ಲ ನೀರುಪಾಲಾಗಿತ್ತು. ಆಮೇಲೆ ಬುದ್ಧಿ ಬಂತು. ಬದು ಒಡೆದದ್ದು ಕಂಡರೆ ನಿಲ್ಲದೆ ಬಲಕ್ಕೆ ತಿರುಗಿ ಮೂರು ಬದು ಸುತ್ತಿ ಮತ್ತೆ ದಾರಿಗೆ ಬರುತ್ತಿದ್ದೆ. ಅದಾದ ಮೇಲೆ ಒಮ್ಮೆಯೂ ಬೀಳಲಿಲ್ಲ.

ಆ ಶನಿವಾರ ದೇವದುರ್ಗದಲ್ಲಿ ಬಸ್ಸು ಹತ್ತುವಾಗ ಮಳೆ ನಿಂತಿತ್ತು. ಆದರೆ ಮೇಲಿನ ಕಡೆ ಎಲ್ಲೋ ಸುರಿದಿರಬೇಕು. ಹಳ್ಳದ ಹತ್ತಿರ ಬಂದರೆ ಆಗಿನ ತಗ್ಗು ಸೇತುವೆ ಕಾಣಲೇ ಇಲ್ಲ. ಎರಡೂ ಬದಿಯ ಗುರುತಿನ ಕಲ್ಲುಗಳ ತುದಿಯಷ್ಟೇ ಮೇಲಿದ್ದವು. ಹಿಂದಿನ ಸೀಟಿನವರು, “ಹಾಕ್ರಿ ಡ್ರೈವರ್ ಸಾಹೇಬ್ರ, ಮೊಣಕಾಲುದ್ದ ನೀರದ, ಏನಾಗ್ತದ?” ಎಂದು ಕೂಗಿದರು. ಡ್ರೈವರು ಹಾಕಿಯೇಬಿಟ್ಟ. ಮುಂದಿನ ಗಾಲಿ ನೀರಿಗಿಳಿದು ನಾಲ್ಕು ಮಾರು ಹೋಗಿರಬಹುದು, ಬಸ್ಸಿನ ಮೂತಿ ಎಡಕ್ಕೆ ಜಗ್ಗಿತು. ನೀರು ಮೆಟ್ಟಿಲಿಗೆ ಬಂತು. ಕೂಗಿದವರೆಲ್ಲ ಗಪ್ಪಾದರು. ಮಗುವೊಂದು ಅಳತೊಡಗಿತು. ನಾನು ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಸತ್ತೆವು ಎಂದೇ ಅಂದುಕೊಂಡೆ. ಡ್ರೈವರು ಅದು ಹೇಗೋ ಹಿಂದಕ್ಕೆ ತೆಗೆದ. ಬಸ್ಸು ಗಟ್ಟಿ ನೆಲಕ್ಕೆ ಬಂದು ನಿಂತಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಇಲ್ಲಿಂದ ಹೋಗಾಕ ಬರಂಗಿಲ್ಲ, ತಿರುಗಿ ಹೋಗೂಣು,” ಎಂದ ಕಂಡಕ್ಟರ್.

“ಹಂಗಾರ ಸಿರವಾರದ ಮ್ಯಾಲೆ ಬಿಡ್ರಿ, ಅರ್ಧ ತಾಸು ಸುತ್ತಾಗ್ತದ ಅಷ್ಟ,” ಎಂದರು ಒಬ್ಬ ಹಿರಿಯರು.

“ಅಲ್ಲೂ ನೀರು ಬಂದದಂತ, ಈಗ ಫೋನ್ ಬಂದಿತ್ರೀ ಯಪ್ಪಾ. ದೇವದುರ್ಗಕ್ಕ ವಾಪಸ್, ಅಲ್ಲಿಂದ ರಾಯಚೂರು, ರಾಯಚೂರಿಂದ ಮಾನ್ವಿ. ಬ್ಯಾರೆ ದಾರಿ ಇಲ್ಲ.”

ಬಸ್ಸು ತಿರುಗಿತು. ಆಮೇಲೆ, ಹೆದರಿದವರು ಏನಾದರೂ ಒಂದನ್ನು ಎಣಿಸುತ್ತಾ ಕೂರುವ ಹಾಗೆ, ಎಷ್ಟು ಸುತ್ತಾಯಿತು ಎಂದು ಲೆಕ್ಕ ಹಾಕಿದೆ. ಒಂದೂವರೆ ತಾಸಿನ ದಾರಿ ಐದು ತಾಸಾಗುತ್ತದೆ. ಒಂದೇ ಒಂದು ಸೇತುವೆ ಮುಚ್ಚಿದ್ದಕ್ಕೆ ಇಷ್ಟು. ಪಕ್ಕದ ದಾರಿ ಇದ್ದಿದ್ದರೆ ಅರ್ಧ ತಾಸು ಮಾತ್ರ. ಆದರೆ ಪಕ್ಕದ್ದೂ ಮುಚ್ಚಿತ್ತು. ಅಷ್ಟಕ್ಕೆ ನನ್ನ ಯೋಚನೆ ಅಲ್ಲೇ ನಿಂತುಬಿಟ್ಟಿತು. ಉಳಿದ ಮೂರು ಬದುಗಳು ಗಟ್ಟಿಯಾಗಿಯೇ ಇರುತ್ತವೆ ಎಂದು ನನಗೆ ಹೇಳಿದವರು ಯಾರು? ಅವುಗಳಿಗೂ ನಾಣ್ಯ ಚಿಮ್ಮಿದ್ದೇನಲ್ಲ.

ಬ್ಯಾಗಿನಲ್ಲಿ ಪ್ರಬಂಧದ ಪ್ರತಿ ಇತ್ತು. ತೆಗೆಯಲು ಧೈರ್ಯ ಬರಲಿಲ್ಲ, ಆದರೂ ತೆಗೆದೆ. ಮೂರನೆಯ ಅಧ್ಯಾಯದಲ್ಲಿ ಒಡೆದ ಬದು ಎಂದರೆ ಕೆಸರಾದ ಬದು, ಕಾಲೆಳೆದುಕೊಂಡಾದರೂ ದಾಟಬಹುದು. ಅಲ್ಲಿ ಒಂದು ಬದುವಿನ ನಷ್ಟಕ್ಕೆ ಮಿತಿಯಿದೆ ಎಂಬ ಮಾತು ಸರಿ. ನಾಲ್ಕನೆಯ ಅಧ್ಯಾಯದಲ್ಲಿ ಒಡೆದದ್ದು ಎಂದರೆ ಒಡೆದದ್ದೇ, ದಾಟುವಂತಿಲ್ಲ. ನಾನು ಮೂರನೆಯದರ ಮಾತನ್ನು ಎತ್ತಿಕೊಂಡು ಹೋಗಿ ನಾಲ್ಕನೆಯದರಲ್ಲಿ ಇಟ್ಟಿದ್ದೆ. ಅಲ್ಲಿ ಒಂದು ಬದು ಒಡೆದರೆ ಸುತ್ತು ಎರಡು ಹೆಜ್ಜೆಯೂ ಆಗಬಹುದು, ಇನ್ನೂರೂ ಆಗಬಹುದು. ಬೇಲಿ ಹಾಕಿದ್ದೇನೆ ಎಂದುಕೊಂಡ ಜಾಗದಲ್ಲಿ ಬೇಲಿಯೇ ಇರಲಿಲ್ಲ. ಪ್ರಬಂಧದ ಮುಖ್ಯ ಫಲಿತಾಂಶ ಕೂತಿದ್ದು ಅದೇ ಅಧ್ಯಾಯದ ಮೇಲೆ. ನೀರಿನಲ್ಲಿ ಬಸ್ಸು ಜಗ್ಗಿದಾಗಿನ ಹೆದರಿಕೆ ಬೇರೆ, ಇದು ಬೇರೆ. ಅದು ಹೋಯಿತು, ಇದು ಒಳಗೇ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಹಳ್ಳದ ಸುದ್ದಿ ಕೇಳಿ ಅವ್ವ ಮೈಯೆಲ್ಲ ಮುಟ್ಟಿ ನೋಡಿದಳು. ನನಗೆ ಅನ್ನ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪನ ಹಿಂದೆ ಗದ್ದೆಗೆ ಹೋದೆ. ಅಪ್ಪ ಸಲಿಕೆಯಿಂದ ಒಂದು ಮಡಿಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ತೆಗೆಯುತ್ತಿದ್ದ. ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ಬದುವಿನ ವಿಷಯವಾದ್ದರಿಂದ ಅವನಿಗೆ ಒಂದೂ ಬಿಡಿಸಿ ಹೇಳಬೇಕಾಗಲಿಲ್ಲ.

“ಉಳಿದ ಮೂರು ಬದು ಇದ್ದ ಇರ್ತಾವ ಅಂತ ಬರದೀಯೇನು?” ಎಂದು ಕೇಳಿದ.

“ಹೂಂ. ನನಗ ಅದು ತಪ್ಪಂತ ಅನ್ನಿಸಲೇ ಇಲ್ಲ ಯಪ್ಪಾ.”

ಅಪ್ಪ ಸಲಿಕೆ ಊರಿ ಬಹಳ ಹೊತ್ತು ನೀರನ್ನೇ ನೋಡಿದ. ಮುಖ ಒಂಥರಾ ಆಗಿತ್ತು. ಹೆದರಿದ್ದಾನೆ ಎಂದುಕೊಂಡೆ. ಆಮೇಲೆ ದನಿ ತಗ್ಗಿಸಿ, ಅಲ್ಲಿ ಕೊಕ್ಕರೆ ಬಿಟ್ಟರೆ ಯಾರೂ ಇಲ್ಲದಿದ್ದರೂ, “ಯಾರರ ನೋಡ್ಯಾರೇನು?” ಎಂದ.

“ಇಲ್ಲ. ಗೈಡ್ ಸರ್ ನೋಡಿಲ್ಲ, ಪರೀಕ್ಷೆ ಮಾಡೋರೂ ಏನೂ ಅಂದಿಲ್ಲ.”

“ಹಂಗಾರ ಸುಮ್ನಿರು. ನಾ ಒಮ್ಮೆ ನೀರು ಬಿಟ್ಟು ಮರ್ತದ್ದು ನಾನ ಹೋಗಿ ಆಗಿನ ಸಾವ್ಕಾರಗ ಹೇಳಿದ್ದೆ. ನಾಳಿಂದ ಬರಬ್ಯಾಡ ಅಂದ. ಒಂದು ವರ್ಷ ಗಿಲ್ಲೆಸುಗೂರು ಕಡೆ ಕೂಲಿಗೆ ಅಲೆದೆ, ನಿನಗ ನೆನಪಿಲ್ಲ, ಸಣ್ಣಾಕಿ ಇದ್ದಿ. ನಮ್ಮಂಥೋರಿಗೆ ಎರಡನೇ ಸಲ ಯಾರೂ ಕೊಡಂಗಿಲ್ಲ ಯವ್ವಾ.”

ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿರುವುದು ಸುಲಭವಲ್ಲ ಎಂದು ಮುಂದಿನ ಆರು ವಾರಗಳಲ್ಲಿ ಗೊತ್ತಾಯಿತು. ಫೋನ್ ರಿಂಗಾದರೆ ಬೆಚ್ಚುತ್ತಿದ್ದೆ. ವಿಶ್ವವಿದ್ಯಾಲಯದ ಇಮೇಲ್ ಬಂದರೆ ತೆರೆಯುವ ಮೊದಲು ಎದ್ದುಹೋಗಿ ನೀರು ಕುಡಿದು ಬರುತ್ತಿದ್ದೆ. ಕ್ಲಾಸಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿ, “ಮೇಡಂ, ಇದು ಹ್ಯಾಂಗ ಬಂತ್ರೀ?” ಎಂದು ಮಾಮೂಲಿ ಸಂಶಯ ಕೇಳಿದರೂ ಸಿಕ್ಕಿಬಿದ್ದೆ ಎನ್ನಿಸುತ್ತಿತ್ತು. ಡಿಗ್ರಿ ಹೋಗುತ್ತದೆ, ಪಟ್ಟಿಯಿಂದ ಹೆಸರು ಹೋಗುತ್ತದೆ, ಅದಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ‘ಇವರಿಗೆಲ್ಲ ಸುಮ್ಮನೆ ಸೀಟು ಕೊಟ್ಟರೆ ಹೀಗೇ’ ಎಂದು ಅನ್ನಲು ಕಾಯುತ್ತಿರುವ ಬಾಯಿಗಳು ಯಾವುವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವುಗಳಿಗೆ ನಾನೇ ತುತ್ತು ಕೊಟ್ಟಂತಾಗುತ್ತದಲ್ಲ.

ಗೈಡ್ ಸರ್ ಮೈಸೂರು ಕಡೆಯವರು, ಒಳ್ಳೆಯವರು. ಎರಡು ವಾರ ತಡೆದು ಕೊನೆಗೆ ಅವರಿಗೆ ಫೋನ್ ಮಾಡಿದೆ. ಹೇಳಿದ್ದನ್ನು ಕೇಳಿ ಅವರು ಆ ಅಧ್ಯಾಯ ತೆಗೆದರು. ಹಾಳೆ ತಿರುವುವ ಸದ್ದು ಕೇಳುತ್ತಿತ್ತು.

“ಹೌದಮ್ಮ, ತಪ್ಪಿದೆ,” ಎಂದರು. “ನಾನೂ ನೋಡಲಿಲ್ಲ. ಆದರೆ ಎರಡು ವರದಿಯೂ ಚೆನ್ನಾಗಿ ಬಂದಿವೆ, ವೈವಾ ದಿನಾಂಕವೂ ಗೊತ್ತಾಗಿದೆ. ಕೇಳಿದರೆ ಹೇಳೋಣ. ಕೇಳದಿದ್ದರೆ ಮುಂದೆ ಪೇಪರ್ ಬರೆಯುವಾಗ ಸರಿಮಾಡಿಕೊಳ್ಳೋಣ. ನಿನ್ನ ಪರಿಸ್ಥಿತಿ ನನಗೆ ಗೊತ್ತಿದೆಯಲ್ಲ.”

ಅಪ್ಪನೂ ಅದನ್ನೇ ಹೇಳಿದ್ದ, ಇವರೂ ಅದನ್ನೇ ಹೇಳಿದರು. ನನ್ನ ಮೇಲಿನ ಪ್ರೀತಿಗೇ ಹೇಳಿದರು. ನನಗೆ ಹೆದರಿಕೆ ಇನ್ನೂ ಹೆಚ್ಚಾಯಿತು. ಈಗ ನಾನು ಸುಮ್ಮನಿದ್ದರೆ ತಪ್ಪಿಸಿಕೊಳ್ಳುವುದು ಖಂಡಿತ ಎಂದಾಯಿತು. ತಪ್ಪಿಸಿಕೊಂಡವಳಾಗಿ ಮುಂದಿನ ಮೂವತ್ತು ವರ್ಷ ಹಲಗೆಯ ಮುಂದೆ ಹೇಗೆ ನಿಲ್ಲುವುದು?

ತಿದ್ದಲು ನೋಡಿದೆ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ರಾಯಚೂರಿನ ಕೋಣೆಯಲ್ಲಿ ಹಾಳೆಯ ಮೇಲೆ ಹಾಳೆ ಕೆಡಿಸಿದೆ. ಒಂದು ಒಡೆದ ಬದುವಿನ ಸುತ್ತ ಎಲ್ಲವೂ ಒಡೆದಿರುವ ಸಂಭವ ಕಡಿಮೆ. ಸುತ್ತು ದೊಡ್ಡದಾದಷ್ಟೂ ಆ ಸಂಭವ ಭರದಿಂದ ಇಳಿಯುತ್ತದೆ. ಅದನ್ನು ಹಿಡಿದುಕೊಂಡರೆ ಬೇಲಿ ಮತ್ತೆ ಹಾಕಬಹುದು, ಆದರೆ ಮೊದಲಿಗಿಂತ ತುಸು ದೂರದಲ್ಲಿ. ನೂರು ಎಂದಲ್ಲಿ ನೂರರ ಕೆಲವು ಪಟ್ಟು ಎನ್ನಬೇಕು. ದಾರಿ ಕಾಣುತ್ತಿತ್ತು, ಮುಗಿಯುತ್ತಿರಲಿಲ್ಲ.

ಶ್ರಾವಣ ಹುಣ್ಣಿಮೆಯ ಸಂಜೆ ಊರಲ್ಲಿದ್ದೆ. ನಮ್ಮ ಓಣಿಯ ಬುದ್ಧ ವಿಹಾರ ಎಂದರೆ ತಗಡು ಹೊದಿಸಿದ ಒಂದು ಕೋಣೆ. ಅಪ್ಪ ಎಲ್ಲರಿಗಿಂತ ಮುಂದೆ ಕೂತು ಪಂಚಶೀಲ ಹೇಳಿಸುವವನು. ಓದು ಬರಹ ಇಲ್ಲದಿದ್ದರೂ ಐದೂ ಬಾಯಿಪಾಠ. ಮೂರರ ತನಕ ದೊಡ್ಡ ದನಿಯಲ್ಲಿ ಹೇಳಿಸಿದ. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. ಅಲ್ಲಿ ಅಪ್ಪನ ದನಿ ನಿಂತಿತು. ಕೆಮ್ಮು ಬಂದವನ ಹಾಗೆ ಮಾಡಿದ. ಹಿಂದಿದ್ದವರು ತಾವೇ ಹೇಳಿ ಮುಗಿಸಿದರು. ನಾನು ತಲೆ ಎತ್ತಲಿಲ್ಲ, ಅವನೂ ನನ್ನ ಕಡೆ ನೋಡಲಿಲ್ಲ.

ವೈವಾಕ್ಕೆ ಅಪ್ಪ ತಾನೂ ಬರುತ್ತೇನೆಂದ. ಬಿಳಿ ಅಂಗಿ ಹಾಕಿಕೊಂಡು, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತ. ಹೊರಗಿನ ಪರೀಕ್ಷಕರು ಹೈದರಾಬಾದ್ ಕಡೆಯ ಒಬ್ಬ ಹಿರಿಯ ಮೇಡಂ. ಮೂರನೆಯ ಅಧ್ಯಾಯ ಹೇಳಿ ಮುಗಿಸಿದೆ. ಅವರು ತಲೆದೂಗಿದರು. ನಾಲ್ಕನೆಯದಕ್ಕೆ ಹಲಗೆಯ ಮೇಲೆ ಒಂದು ಚೌಕ ಬರೆದು ಒಂದು ಬದಿ ಅಳಿಸಿದೆ. ‘ಉಳಿದ ಮೂರರ ಮೇಲೆ’ ಎಂದು ಶುರುಮಾಡಬೇಕಿತ್ತು. ಎರಡು ಹೆಜ್ಜೆ ಹೇಳಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಕೈ ಮತ್ತೆ ಮೇಲೆ ಹೋಗಿ ಇನ್ನೊಂದು ಬದಿಯನ್ನೂ ಅಳಿಸಿತು.

“ಇಲ್ಲೊಂದು ತಪ್ಪಿದೆ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ, ಯಾಕೋ, ಕೊನೆಯ ಸಾಲಿಗೂ ತಿಳಿಯಲಿ ಎಂದು ಕನ್ನಡದಲ್ಲೂ ಹೇಳಿದೆ.

ಗೈಡ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ಪ್ರಬಂಧ ತೆರೆದು ಆ ಪುಟವನ್ನು ಎರಡು ಸಲ ಓದಿದರು. ಎಲ್ಲಿಯ ತನಕ ಕೆಡುತ್ತದೆ ಎಂದು ಕೇಳಿದರು, ಹೇಳಿದೆ. ತಿದ್ದುವ ದಾರಿ ಇದೆಯೇ ಎಂದರು, ಇದ್ದಷ್ಟನ್ನು ಬರೆದು ತೋರಿಸಿದೆ. ಕೊನೆಗೆ, “ನೀವು ಹೇಳದಿದ್ದರೆ ನನಗೆ ಇದು ಕಾಣುತ್ತಿರಲಿಲ್ಲ,” ಎಂದರು. ಒಂದು ಗಳಿಗೆ ನನಗೆ ಆಸೆ ಹುಟ್ಟಿತು. “ಆದರೆ ಈಗ ಕಂಡಿದೆ. ಇವತ್ತು ಸಹಿ ಹಾಕಲಾರೆ. ಆರು ತಿಂಗಳಲ್ಲಿ ಅಧ್ಯಾಯ ಹೊಸದಾಗಿ ಬರೆದು ತನ್ನಿ.”

ಆರು ತಿಂಗಳು, ಆಮೇಲೆ ಮತ್ತೆ ವರದಿ, ವೈವಾ ಎಂದರೆ ಪಟ್ಟಿ ಬರುವ ಹೊತ್ತಿಗೆ ಡಿಗ್ರಿ ಇರುವುದಿಲ್ಲ. ಹಾಗೆಯೇ ಆಯಿತು, ಮರುವರ್ಷ ದೇವದುರ್ಗದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ರಾಯಚೂರಿನಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿ ಒಂದು ವರ್ಷ ಕಳೆದೆ. ಡಿಗ್ರಿ ಬಂದದ್ದು, ದೇವದುರ್ಗಕ್ಕೇ ಮತ್ತೆ ಹೋದದ್ದು, ಅದೆಲ್ಲ ಆಮೇಲಿನ ಮಾತು. ಆವತ್ತು ಮಾತ್ರ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಪ್ಪ ಪಕ್ಕದಲ್ಲಿ ಕೂತ. ಗಂಟು ಬಿಚ್ಚಿ ರೊಟ್ಟಿ ಕೊಟ್ಟ.

ಆ ರಾತ್ರಿ ನನ್ನ ಕೋಣೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ರಾಯಚೂರಿನಿಂದ ಮಾನ್ವಿ ಬಸ್ಸು ಹತ್ತಿದೆವು. ಅಪ್ಪ ಕಿಟಕಿಯ ಬದಿ ಕೂತಿದ್ದ. ಬೈಯುತ್ತಾನೆ ಎಂದು ಕಾದೆ. ನನ್ನ ಮಾತು ಕೇಳಲಿಲ್ಲ, ಇನ್ನು ಏನು ಮಾಡ್ತಿ ಎಂದು ಕೇಳುತ್ತಾನೆ ಎಂದು ಕಾದೆ. ಗದ್ದೆಗಳು ಶುರುವಾದವು. ನಾಟಿ ಮಾಡಿದ ಮಡಿಗಳು ಎರಡೂ ಕಡೆ ಹಸಿರಾಗಿ ನಿಂತಿದ್ದವು.

“ನೀ ಕೆಸರಾಗ ಬಿದ್ದಿದ್ದಿ ನೋಡು, ಬುತ್ತಿ ತಗೊಂಡು ಬರೋವಾಗ,” ಎಂದ, ಹೊರಗೆ ನೋಡುತ್ತಲೇ.

“ಹೂಂ.”

“ಅವತ್ತಿಂದ ನಾ ನಸುಕಿನ್ಯಾಗ ಎದ್ದು ಹೋಗ್ತಿದ್ದೆ. ನಮ್ಮ ಸಾವ್ಕಾರಂದು ಬೇವಿನ ಗಿಡದ ತನಕ ಅಷ್ಟ. ಅದರಾಚಿಗೆ ಮಂದಿ ಹೊಲ, ನಂದೇನೂ ಕೆಲಸಿಲ್ಲ ಅಲ್ಲಿ. ಆದ್ರ ನೀ ಬರೋ ದಾರಿ ಅದಾಗಿತ್ತು. ಎಲ್ಲೆಲ್ಲಿ ಬದು ಒಡದಾವ ನೋಡ್ತಿದ್ದೆ. ಎಲ್ಲಾ ಕಟ್ಟಾಕ ಹೊತ್ತು ಸಾಲ್ತಿರಲಿಲ್ಲ. ದೊಡ್ಡವು ಒಡದದ್ದು ಹಂಗ ಬಿಟ್ಟು, ಅದರ ಸುತ್ತಲಿಂದು ಮೂರು ಮಾತ್ರ ಗಟ್ಟಿ ಮಾಡಿ ಬರ್ತಿದ್ದೆ. ಸುತ್ತಿ ಬರ್ಲಿ ಕೂಸು ಅಂತ.” ಆಮೇಲೆ ನನ್ನ ಕಡೆ ತಿರುಗಿದ: “ನಿನ್ನ ಪುಸ್ತಕದಾಗ ತಪ್ಪು ಹಾಕಿದಾಂವ ನಾನ ಯವ್ವಾ. ಅವತ್ತ ಗದ್ದಿಯಾಗ ಹೇಳಬೇಕಂದೆ. ಹೆದರಿಕಿ ಆತು.”

ಕಂಬಿ ಹಿಡಿದಿದ್ದ ಕೈಯನ್ನು ತೆಗೆದು ಅವನ ಕೈಯ ಮೇಲಿಟ್ಟೆ. ಸಲಿಕೆ ಹಿಡಿದು ಹಿಡಿದು ಅಂಗೈ ಬದುವಿನಷ್ಟೇ ಗಟ್ಟಿಯಾಗಿತ್ತು.

ತಿದ್ದಿದ ಅಧ್ಯಾಯದಲ್ಲಿ ‘ಇದು ಸ್ಪಷ್ಟ’ ಎಂಬ ಮಾತು ಇಲ್ಲ. ಅದರ ಜಾಗದಲ್ಲಿ, ‘ಉಳಿದ ಮೂರೂ ಗಟ್ಟಿಯಾಗಿವೆ ಎಂದು ತಿಳಿಯಲು ಯಾವ ಆಧಾರವೂ ಇಲ್ಲ’ ಎಂದು ಬರೆದೆ. ಗಣಿತದ ಮಟ್ಟಿಗೆ ಅದು ಸರಿ. ಆ ಸಾಲನ್ನು ಟೈಪು ಮಾಡುವಾಗ ಮಾತ್ರ, ಸುಳ್ಳು ಬರೆಯುತ್ತಿದ್ದೇನೆ ಎನ್ನಿಸಿ ಬಹಳ ಅತ್ತೆ.